ಕ್ಯಾಮೆರಾ ಹಿಡಿದ ಕೈ

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ವಿಡಿಯೋ ತೆಗೆಯುವುದರಲ್ಲಿ ಏನು ಹೆಚ್ಚುಗಾರಿಕೆ ಇದೆ ಹೇಳಿ, ಅರ್ಧ ಕೆಲಸ ಸ್ಟ್ಯಾಂಡೇ ಮಾಡಿರುತ್ತದೆ. ಇವಳು ಹಾಗಲ್ಲ. ಇಪ್ಪತ್ತಾರು ವರ್ಷ ಮದುವೆ, ಶಾಲೆಯ ಆಟೋಟ, ನಿವೃತ್ತಿ ಸಮಾರಂಭ, ಅಂಗಡಿ ಉದ್ಘಾಟನೆ ಅಂತ ಊರಿನ ಒಂದು ಸಮಾರಂಭವನ್ನೂ ಬಿಡದೆ ವಿಡಿಯೋ ತೆಗೆದವಳು, ಸ್ಟ್ಯಾಂಡನ್ನು ಗಾಡಿಯಿಂದ ಕೆಳಗೆ ಇಳಿಸಿದ್ದೇ ಅಪರೂಪ. ಕ್ಯಾಮೆರಾ ಭುಜಕ್ಕೇರಿತೋ, ಮುಗಿಯಿತು, ಚಿತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ಒಮ್ಮೆ ಶಾಲೆಯ ಮೈದಾನದಲ್ಲಿ ಬೆಂಚಿನ ಮೇಲೆ ನಿಂತು ನಲವತ್ತು ನಿಮಿಷ ಮಕ್ಕಳ ಕವಾಯತು ತೆಗೆದಳು. ಮರುದಿನ ಹೆಡ್‌ಮಾಸ್ಟರು ಕ್ಯಾಸೆಟ್ಟು ನೋಡಿ, "ನಿಮ್ಮ ಸ್ಟ್ಯಾಂಡು ಬಹಳ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಅಂದರು. "ನಮ್ಮಮ್ಮ ಕೊಟ್ಟಿದ್ದು ಸಾರ್, ಹುಟ್ಟುವಾಗಲೇ" ಅಂದಳು. ಅವತ್ತಿನಿಂದ ಅವಳು ಸ್ಟ್ಯಾಂಡಮ್ಮ. ಸ್ವಂತ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಬೇರೆಯವರು ತೆಗೆದ ವಿಡಿಯೋ ನೋಡುವಾಗ ತುಟಿ ಕೊಂಕಿಸುವಳು. ಯಾರಾದರೂ ಕ್ಯಾಮೆರಾ ಹಳೆಯದು, ನೆಲ ಸರಿಯಿಲ್ಲ, ಜನ ತಳ್ಳಿದರು ಅಂತ ನೆಪ ಹೇಳಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಮುಖಕ್ಕೇ ಹೇಳುವಳು. ಜನಕ್ಕೆ ಸಿಟ್ಟು ಬರುತ್ತಿತ್ತು, ಆದರೆ ಮುಂದಿನ ಮದುವೆಗೂ ಇವಳನ್ನೇ ಕರೆಯುತ್ತಿದ್ದರು. ಕೆಲಸ ಗೊತ್ತಿದ್ದವಳ ಬಾಯಿ ಸ್ವಲ್ಪ ಜೋರಾದರೂ ನಡೆಯುತ್ತದೆ.

ಐವತ್ತು ದಾಟಿದ ವರ್ಷ ಒಬ್ಬ ನರ್ಸಮ್ಮನ ನಿವೃತ್ತಿಯ ವಿಡಿಯೋ ತೆಗೆದು ಮನೆಗೆ ಬಂದು ಹಾಕಿ ನೋಡಿದಳು. ನರ್ಸಮ್ಮ ಭಾಷಣ ಮಾಡುತ್ತಿದ್ದಾಳೆ, ಅವಳ ಮುಖ ಸಣ್ಣಗೆ ಅದುರುತ್ತಿದೆ. ಟೀವಿ ಕೆಟ್ಟಿರಬೇಕು ಅಂದುಕೊಂಡಳು. ಟೀವಿ ಸರಿಯಾಗಿತ್ತು. ಕ್ಯಾಮೆರಾ ಕೆಟ್ಟಿರಬೇಕು ಅಂತ ಅದನ್ನು ಮೇಜಿನ ಮೇಲಿಟ್ಟು ತೆಗೆದು ನೋಡಿದಳು, ಚಿತ್ರ ತೆಪ್ಪಗೆ ನಿಂತಿತು. ಕೈಯಲ್ಲಿ ಎತ್ತಿ ಹಿಡಿದಳು, ಅದುರಿತು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ.

ಡಾಕ್ಟರು ಒಳ್ಳೆಯ ಮನುಷ್ಯ. "ಇದರಿಂದ ಜೀವಕ್ಕೇನೂ ಅಪಾಯ ಇಲ್ಲಮ್ಮ. ಕೈನ ಸುಮ್ನೆ ತೊಡೆ ಮೇಲೆ ಇಟ್ರೆ ಏನೂ ಇರಲ್ಲ, ಏನಾದ್ರೂ ಎತ್ತಿ ಹಿಡಿದ್ರೆ ಮಾತ್ರ ಬರುತ್ತೆ. ಮನೆತನದಲ್ಲೇ ಬರೋದು ಇದು" ಅಂದರು. ಮಾತ್ರೆ ಕೊಟ್ಟರು, ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎತ್ತಿ ಹಿಡಿದರೆ ಬರುತ್ತಂತೆ. ಅವಳ ಕಸುಬೇ ಎತ್ತಿ ಹಿಡಿಯುವುದು.

ಯಾರಿಗೂ ಹೇಳಲಿಲ್ಲ. ಮಂಡಿನೋವು ಅಂತ ಊರಿಗೆಲ್ಲ ಸಾರಿ, ಕೆಲಸ ಬಿಟ್ಟಳು. ನಿಜ ಗೊತ್ತಿದ್ದವರು ಇಬ್ಬರೇ, ಒಬ್ಬ ಡಾಕ್ಟರು, ಇನ್ನೊಬ್ಬ ಗಂಡ. ಗಂಡ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಪರರ ಕಾಗದ ವಿಂಗಡಿಸಿದವನು, ಗುಟ್ಟು ಇಟ್ಟುಕೊಳ್ಳುವುದು ಅವನಿಗೆ ಹೊಸದಲ್ಲ. ಯಾರ ಮನೆಗೆ ಹೋದರೂ ಇವಳು ಟೀ ಬೇಡ, ಈಗಷ್ಟೇ ಆಯಿತು ಅನ್ನುವಳು. ಕಪ್ಪು ಬಸಿಯ ಮೇಲೆ ಟಕಟಕ ಅನ್ನುವುದು ನಾಲ್ಕು ಜನಕ್ಕೆ ಕೇಳಿಸಬಾರದಲ್ಲ. ಹೀಗೆ ನಾಲ್ಕು ವರ್ಷ ಟೀ ಕುಡಿಯದೆ ನೆಂಟಸ್ತಿಕೆ ನಡೆಸಿದಳು.

ಅಂಥ ಕಾಲದಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪು ಹಿಡಿದುಕೊಂಡು ಮನೆಗೆ ಬಂದಳು.

ಸೈಕಲ್ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆ ಹಿಡಿದು, ಇನ್ನೂ ಐದು ಜನರ ಜತೆ ಸೇರಿ ಅವಳು ಎರಡು ವರ್ಷದಿಂದ ಒಂದು ಕಂಪ್ಯೂಟರ್ ಗೇಮು ಮಾಡುತ್ತಿದ್ದಳು. ಗುದ್ದಾಟ ಹೊಡೆದಾಟದ್ದಲ್ಲ. ಒಂದು ಹಳೇ ಮನೆ, ಅಜ್ಜಿ ತೀರಿಕೊಂಡಿದ್ದಾಳೆ, ಆಡುವವರು ಮೊಮ್ಮಗಳಾಗಿ ಆ ಮನೆಯೊಳಗೆ ಓಡಾಡಬೇಕು. ಟ್ರಂಕಿನಲ್ಲಿ ಅಜ್ಜಿಯೇ ತೆಗೆದ ಹನ್ನೊಂದು ವಿಡಿಯೋ ಕ್ಯಾಸೆಟ್ಟು ಸಿಗುತ್ತವೆ. ಒಂದೊಂದನ್ನೂ ಟೀವಿಗೆ ಹಾಕಿ ನೋಡುತ್ತ, ಅಜ್ಜಿ ಬಚ್ಚಿಟ್ಟ ಕಾಗದಗಳು ಎಲ್ಲಿವೆ ಅಂತ ಹುಡುಕಬೇಕು. ಕತೆಯೆಲ್ಲ ಆ ಕ್ಯಾಸೆಟ್ಟಿನಲ್ಲೇ. ಅವು ನಿಜವಾಗಿ ಯಾರೋ ಕ್ಯಾಮೆರಾದಲ್ಲಿ ತೆಗೆದ ಹಾಗೆ ಕಾಣದಿದ್ದರೆ ಗೇಮೇ ಬಿದ್ದುಹೋಯಿತು.

"ಏನೋ ಸರಿ ಬರ್ತಿಲ್ಲ ಚಿಕ್ಕಮ್ಮ. ನೀನೊಂಚೂರು ನೋಡು" ಅಂದಳು ಹುಡುಗಿ.

ಚಿಕ್ಕಮ್ಮ ನೋಡಿದಳು, ನೋಡಿ ನಕ್ಕಳು. ಚಿತ್ರದ ಮೇಲೆ ಮೇಲಿಂದ ಕೆಳಕ್ಕೆ ಗೀರುಗಳು ಬೀಳುತ್ತಿದ್ದವು.

"ಇದನ್ನ ಮಾಡಿದ ಪುಣ್ಯಾತ್ಮ ಯಾರೇ? ಇದು ಸಿನಿಮಾ ರೀಲಿನ ಗೀರು. ಕ್ಯಾಸೆಟ್ಟಿಗೆ ಗೀರು ಬೀಳಲ್ಲ ಕಣೇ. ಅಡ್ಡಡ್ಡ ಗೆರೆ ಓಡುತ್ತೆ, ಕೆಳಗಿನ ಅಂಚಲ್ಲಿ ಚಿತ್ರ ಹರಿದ ಹಾಗೆ ಸೊಟ್ಟ ಆಗುತ್ತೆ. ಮತ್ತೆ ಈ ಮೂಲೇಲಿ ತಾರೀಕು, ಟೈಮು ಎಲ್ಲ ಸರಿಯಾಗಿದೆಯಲ್ಲ, ಇದು ಯಾವ ಲೋಕದ ಅಜ್ಜಿ?"

"ಸರಿ ಇರ್ಬಾರ್ದಾ?"

"ಇಪ್ಪತ್ತಾರು ವರ್ಷದಲ್ಲಿ ತಾರೀಕು ಸರಿ ಇದ್ದ ಮನೆ ಕ್ಯಾಮೆರಾ ನಾನು ಎರಡೇ ನೋಡಿದ್ದೀನಿ. ಒಳಗಿನ ಸಣ್ಣ ಬ್ಯಾಟರಿ ಸತ್ತಿರುತ್ತೆ, ಯಾವತ್ತೂ ಜನವರಿ ಒಂದೇ."

ಹುಡುಗಿ ಇದನ್ನೆಲ್ಲ ಗೀಚಿಕೊಂಡು, "ನಾಳೆಯಿಂದ ನಮ್ಮ ಆಫೀಸಿಗೆ ಬಾ" ಅಂದಳು.

ಮಂಡಿನೋವಿನವಳು ಮಾರನೇ ದಿನ ಸೈಕಲ್ ಅಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಮೇಲೆ ಕೋಣೆಯಲ್ಲಿ ಆರು ಕಂಪ್ಯೂಟರು, ಒಂದು ಕುಂಟು ಸೋಫಾ, ಗೋಡೆ ತುಂಬ ಬಣ್ಣದ ಚೀಟಿ. ಕೆಳಗಿನಿಂದ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ದಿನವಿಡೀ ಬರುತ್ತಿತ್ತು. ಅಕ್ಕನ ಮಗಳು ಚಿಕ್ಕಮ್ಮ ಅಂದದ್ದನ್ನು ಕೇಳಿ ಉಳಿದ ಐವರಿಗೂ ಅವಳು ಚಿಕ್ಕಮ್ಮನೇ ಆದಳು. ವಾರದೊಳಗೆ ಅವಳು ಕೂರುವ ಮೂಲೆಗೆ ಯಾರೋ 'ಕೆಡಿಸುವ ಇಲಾಖೆ' ಅಂತ ಚೀಟಿ ಅಂಟಿಸಿದರು. ಅವಳಿಗೆ ಎಷ್ಟು ಹಿಗ್ಗಾಯಿತು ಅಂದರೆ, ಸಂಜೆ ಗಂಡನಿಗೆ ಅದನ್ನು ಮೂರು ಸಲ ಹೇಳಿದಳು.

ಕೆಡಿಸುವುದು ಅಂದರೆ ಸುಮ್ಮನೆ ಕೆಡಿಸುವುದಲ್ಲ, ಅದಕ್ಕೊಂದು ಲೆಕ್ಕಾಚಾರ ಇದೆ ಅಂತ ಅವಳು ದಿನಾ ಪಾಠ ಹೇಳುತ್ತಿದ್ದಳು. ಕಿಟಕಿ ಬೆಳಕಿನಿಂದ ಟ್ಯೂಬ್‌ಲೈಟಿಗೆ ತಿರುಗಿದರೆ ಹಳೇ ಕ್ಯಾಮೆರಾ ಎರಡು ಸೆಕೆಂಡು ತಬ್ಬಿಬ್ಬಾಗುತ್ತದೆ, ಮುಖಗಳು ಹಸಿರಾಗಿ ಆಮೇಲೆ ಸರಿಹೋಗುತ್ತವೆ. ಯಾರಾದರೂ ಅಡ್ಡ ಹಾದುಹೋದರೆ ಫೋಕಸ್ಸು ಅವರ ಹಿಂದೆ ಹೋಗಿ, ಛೇ ಇವರಲ್ಲ ಅಂತ ವಾಪಸ್ಸು ಬರುತ್ತದೆ. ಏನಾದರೂ ಸದ್ದಾದರೆ ತೆಗೆಯುವವರು ಮೊದಲು ಕಣ್ಣಿಂದ ನೋಡುತ್ತಾರೆ, ಆಮೇಲೆ ಕ್ಯಾಮೆರಾ ತಿರುಗಿಸುತ್ತಾರೆ, ಹಾಗಾಗಿ ಚಿತ್ರ ಯಾವಾಗಲೂ ಅರ್ಧ ಗಳಿಗೆ ತಡ. ಎದುರಿಗಿದ್ದವರು ಅತ್ತರೆ ಹತ್ತಿರ ಎಳೆದು ತೆಗೆಯಬೇಕು ಅನ್ನಿಸುತ್ತದೆ, ಎಳೆದ ಮೇಲೆ ನಾಚಿಕೆಯಾಗಿ ಅವರ ಕಾಲ ಕಡೆ ಇಳಿಸುತ್ತಾರೆ. "ಅದೂ ಕ್ಯಾಮೆರಾದ ದೋಷನಾ ಚಿಕ್ಕಮ್ಮ?" ಅಂತ ಒಬ್ಬಳು ಕೇಳಿದಳು. "ಅಲ್ಲಮ್ಮ, ಮನುಷ್ಯರದ್ದು. ಆದ್ರೆ ಕ್ಯಾಸೆಟ್ಟಿನಲ್ಲಿ ಕಾಣೋದು ಅದೇ" ಅಂದಳು.

ಇದನ್ನೆಲ್ಲ ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆಯುವವನು ಒಬ್ಬ ಪ್ರೋಗ್ರಾಮರ್, ಮೂವತ್ತು ದಾಟಿದವನು. ಎಲ್ಲರೂ ಅವನನ್ನು ಮೌನಿ ಅನ್ನುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಚಿಕ್ಕಮ್ಮ ಹೇಳಿದ್ದನ್ನು ಕೇಳಿ, ತಲೆಯಾಡಿಸಿ, ಮಧ್ಯಾಹ್ನದೊಳಗೆ ಮಾಡಿ ತೋರಿಸುವನು. ಇಬ್ಬರಿಗೂ ಬಹಳ ಹೊಂದಿಕೆ. ಒಬ್ಬಳಿಗೆ ಬಾಯಿ, ಇನ್ನೊಬ್ಬನಿಗೆ ಕಿವಿ.

ಉಳಿದಿದ್ದು ಒಂದೇ, ಚಿತ್ರದ ಅಲುಗಾಟ. ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗಲೇಬೇಕಲ್ಲ. ಮೌನಿ ಲೆಕ್ಕ ಹಾಕಿ ಒಂದು ಅಲುಗಾಟ ಬರೆದಿದ್ದ. ನೋಡಿದರೆ ಅಜ್ಜಿ ಹಳ್ಳ ಬಿದ್ದ ರಸ್ತೆಯಲ್ಲಿ ಆಟೋದಲ್ಲಿ ಕೂತು ಅಡುಗೆಮನೆ ತೋರಿಸುತ್ತಿದ್ದ ಹಾಗಿತ್ತು.

"ಹಂಗಲ್ಲಪ್ಪಾ. ಅಲುಗಾಟ ಎಲ್ಲಿಂದಲೋ ಬರಲ್ಲ. ಉಸಿರಿಂದ ಬರುತ್ತೆ, ಹೆಜ್ಜೆಯಿಂದ ಬರುತ್ತೆ. ಕ್ಯಾಮೆರಾ ಭಾರ ಆದಾಗ ಮೆಲ್ಲಗೆ ಕೆಳಗಿಳಿಯುತ್ತೆ, ಎಚ್ಚರ ಆಗಿ ಮೇಲೆತ್ತುತ್ತಾರೆ. ಇದನ್ನ ಬರೆಯೋಕಾಗಲ್ಲ, ಹಿಡಿದೇ ತೋರಿಸ್ಬೇಕು."

ಮೌನಿ ಹಳೇ ಕ್ಯಾಮೆರಾ ಒಂದರ ಹೊಟ್ಟೆ ಬಗೆದು, ಭಾರಕ್ಕೆ ಮರಳಿನ ಚೀಲ ತುಂಬಿ, ಮೇಲೆ ಸಣ್ಣ ಪೆಟ್ಟಿಗೆಯೊಂದನ್ನು ಸ್ಕ್ರೂ ಹಾಕಿ ಕೂರಿಸಿದ. ಕ್ಯಾಮೆರಾ ಹೇಗೆ ಅಲುಗಿದರೂ ಆ ಪೆಟ್ಟಿಗೆ ಅದನ್ನು ಬರೆದುಕೊಳ್ಳುತ್ತಿತ್ತು, ಗೇಮಿನೊಳಗಿನ ಕ್ಯಾಮೆರಾ ಹಾಗೇ ಅಲುಗುತ್ತಿತ್ತು. "ಹಿಡೀರಿ ಚಿಕ್ಕಮ್ಮ" ಅಂತ ಚಾಚಿದ.

ಆ ಕ್ಷಣದಲ್ಲಿ ಅವಳು ಒಲ್ಲೆ ಅನ್ನಬಹುದಿತ್ತು. ಮಂಡಿನೋವು ಅಂತೂ ಇದ್ದೇ ಇತ್ತು. ಆದರೆ ಕೆಲಸದ ಹುರುಪಿನಲ್ಲಿ ಅವಳಿಗೆ ತನ್ನ ಕೈಯೇ ಮರೆತುಹೋಗಿತ್ತು. ಎತ್ತಿ ಹಿಡಿದ ಮೇಲೆ ನೆನಪಾಯಿತು. ಇಷ್ಟು ಸಣ್ಣದು ಪೆಟ್ಟಿಗೆಗೆ ಎಲ್ಲಿ ತಿಳಿಯುತ್ತದೆ ಅಂತ ಧೈರ್ಯ ಮಾಡಿ, ಕೋಣೆಯಿಂದ ಕೋಣೆಗೆ, ಮೆಟ್ಟಿಲು ಇಳಿದು ಹತ್ತಿ, ಹನ್ನೊಂದು ಕ್ಯಾಸೆಟ್ಟಿಗೂ ಬೇಕಾದಷ್ಟು ನಡೆದು ಕೊಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಮಾರನೇ ದಿನ ಮೌನಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ. ಪರದೆಯ ಮೇಲೆ ಅಲೆ ಅಲೆಯಾದ ಗೆರೆ, ಅದರ ಮೇಲೆ ಗರಗಸದ ಹಲ್ಲಿನಂತೆ ಒಂದೇ ಸಮ ಸಣ್ಣ ಮುಳ್ಳು.

"ಸೆಕೆಂಡಿಗೆ ಐದಾರು ಸಲ ಏನೋ ಅದುರ್ತಿದೆ. ಪ್ರತಿ ಸಲಾನೂ. ಸ್ಕ್ರೂ ಸಡಿಲ ಇದೆ ಅನ್ಸುತ್ತೆ" ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಚಿಕ್ಕಮ್ಮನ ಬಲಗೈ ತಾನಾಗಿ ಮೇಜಿನ ಕೆಳಗೆ ಹೋಯಿತು. "ಇರಬಹುದಪ್ಪಾ" ಅಂದಳು. ಅಷ್ಟೇ ಅಂದಳು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, ಗೊತ್ತಾದರೆ ಇವರು ಬೈಯುತ್ತಿರಲಿಲ್ಲ, ಮರುಗುತ್ತಿದ್ದರು. ನೀವು ಕೂತಿರಿ ಚಿಕ್ಕಮ್ಮ, ನೀವು ಮನೆಯಲ್ಲೇ ಇರಿ, ಬೇಕಾದಾಗ ಫೋನ್ ಮಾಡ್ತೀವಿ ಅನ್ನುತ್ತಿದ್ದರು. ಆ ಫೋನು ಬರುವುದಿಲ್ಲ ಅಂತ ಅವಳಿಗೆ ಗೊತ್ತು. ನಾಲ್ಕು ವರ್ಷದ ಮೇಲೆ ಸಿಕ್ಕ ಕೆಲಸ, ಈ ಮೂಲೆ, ಈ ಚೀಟಿ, ಎಲ್ಲ ಒಂದು ನಡುಕದಲ್ಲಿ ಹೋಗಿಬಿಡುತ್ತದೆ ಅನ್ನುವ ಭಯ ಅವಳಿಗೆ.

ಮೌನಿ ಸ್ಕ್ರೂ ಬಿಗಿ ಮಾಡಿದ. ಮುಳ್ಳು ಹೋಗಲಿಲ್ಲ. ಪೆಟ್ಟಿಗೆ ಬದಲಾಯಿಸಿದ. ಹೋಗಲಿಲ್ಲ. ಮರಳಿನ ಚೀಲ ಅಲ್ಲಾಡುತ್ತಿರಬೇಕು ಅಂತ ಅದನ್ನು ಅಂಟು ಹಾಕಿ ಕೂರಿಸಿದ. ಕೆಳಗಿನ ಅಂಗಡಿಯ ಗಾಳಿ ಯಂತ್ರದಿಂದ ನೆಲ ನಡುಗುತ್ತಿರಬೇಕು ಅಂತ ಆ ಅಂಗಡಿಯವನ ಕಾಲು ಹಿಡಿದು ಅರ್ಧ ಗಂಟೆ ಯಂತ್ರ ನಿಲ್ಲಿಸಿದ. ಪಾಪ, ಪ್ರತಿಯೊಂದು ಸಲವೂ ಚಿಕ್ಕಮ್ಮನೇ ಹಿಡಿದು ಕೊಡುತ್ತಿದ್ದಳು, ಪ್ರತಿಯೊಂದು ಸಲವೂ ಅವನು ಸಪ್ಪೆ ಮುಖ ಮಾಡುತ್ತಿದ್ದ. ಕಡೆಗೆ ಆ ಸಣ್ಣ ಮುಳ್ಳನ್ನಷ್ಟೇ ಸೋಸಿ ತೆಗೆಯುವ ಜರಡಿಯೊಂದನ್ನು ಪ್ರೋಗ್ರಾಮಿನಲ್ಲೇ ಬರೆದ. ಗೆರೆ ನುಣ್ಣಗಾಯಿತು. ಚಿಕ್ಕಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

ಆದರೆ ಚಿತ್ರ ಸತ್ತುಹೋಗಿತ್ತು. ಅಡ್ಡ ಗೆರೆ ಇತ್ತು, ಹಸಿರು ಮುಖ ಇತ್ತು, ಜನವರಿ ಒಂದು ಇತ್ತು, ಉಸಿರಿನ ಏರಿಳಿತವೂ ಇತ್ತು. ಅಜ್ಜಿಯೇ ಇರಲಿಲ್ಲ. ಗೇಮನ್ನು ದೊಡ್ಡದಾಗಿ ಹೊರತರುವ ಕಂಪನಿಯವರು ಎಂಟು ದಿನದಲ್ಲಿ ನೋಡಲು ಬರುವವರಿದ್ದರು. ಹನ್ನೆರಡು ಮಂದಿ ಸ್ನೇಹಿತರನ್ನು ಕರೆಸಿ ಗೇಮು ಆಡಿಸಿ ನೋಡಿದರು. ಹನ್ನೆರಡು ಮಂದಿಯೂ ಒಂದೇ ಮಾತು: ಚೆನ್ನಾಗಿದೆ, ಆದರೆ ಕ್ಯಾಸೆಟ್ಟು ನೋಡುವಾಗ ಬೇಗ ಮುಗಿದರೆ ಸಾಕು ಅನ್ನಿಸುತ್ತೆ.

ಅಕ್ಕನ ಮಗಳು ಕುಂಟು ಸೋಫಾದ ಮೇಲೆ ಕೂತು ಅದನ್ನೇ ಹಾಕಿ ಹಾಕಿ ನೋಡಿದಳು.

"ಕ್ಯಾಮೆರಾ ಹಿಂದೆ ಯಾರೂ ಇಲ್ಲ ಅನ್ಸುತ್ತೆ. ಕೋಲಿಗೆ ಕಟ್ಟಿ ಓಡಾಡಿಸಿದ ಹಾಗಿದೆ" ಅಂದಳು. ಲ್ಯಾಪ್‌ಟಾಪು ಮುಚ್ಚಿ, "ಕ್ಯಾಸೆಟ್ಟು ತೆಗೆದುಹಾಕೋಣ. ಅಜ್ಜಿ ಡೈರಿ ಬರೆದಿದ್ಲು ಅಂತ ಮಾಡೋಣ. ಓದ್ಕೊಳ್ಳಲಿ" ಅಂದಳು. ಎರಡು ವರ್ಷ ಹೊತ್ತು ಹೆತ್ತ ಹಾಗೆ ಮಾಡಿದ್ದನ್ನು ಎಂಟು ದಿನದಲ್ಲಿ ಕತ್ತರಿಸುವುದು ಅಂದರೆ ಸುಮ್ಮನೆಯೇ?

ಚಿಕ್ಕಮ್ಮ ಮಧ್ಯಾಹ್ನದ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು. ಕ್ಯಾಸೆಟ್ಟು ಹೋದರೆ ಕೆಡಿಸುವ ಇಲಾಖೆಯೂ ಹೋಯಿತು, ಅದು ಬೇರೆ ಮಾತು. ಅದಕ್ಕಿಂತ ಹೆಚ್ಚು ಅವಳನ್ನು ಕೊರೆದದ್ದು ಕೋಲು ಅನ್ನುವ ಮಾತು. ಇಪ್ಪತ್ತಾರು ವರ್ಷ ಕ್ಯಾಮೆರಾ ಹಿಡಿದವಳು, ತಾನೇ ಹಿಡಿದು ನಡೆದದ್ದು, ಅದನ್ನು ನೋಡಿ ಕೋಲು ಅಂದರಲ್ಲ. ನಾನು ಹಿಡಿದಿದ್ದೆ ಕಣೇ, ನಾನೇ ಹಿಡಿದಿದ್ದೆ ಅಂತ ಒಳಗೊಳಗೇ ಕುದಿದಳು. ಇವಳ ಗುಟ್ಟು ಉಳಿಯಲಿ ಅಂತ ಒಂದು ಇಡೀ ಗೇಮು ಸಾಯಬೇಕೇ? ತನ್ನ ಮೇಲೆ ತನಗೇ ಸಿಟ್ಟು ಬಂತು. ಕೈ ತೊಳೆದುಕೊಂಡು ನೇರ ಮೌನಿಯ ಮೇಜಿಗೆ ಹೋದಳು.

"ಏನಪ್ಪಾ, ಆ ಜರಡಿ ತೆಗಿ."

"ಅದುರುತ್ತೆ ಚಿಕ್ಕಮ್ಮ."

"ಅದುರಲಿ. ಅದು ಪೆಟ್ಟಿಗೇದಲ್ಲ, ನಂದು."

ಮೌನಿಗೆ ಅರ್ಥವಾಗಲಿಲ್ಲ. ಅವಳು ಅವನ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಅವನ ಮುಖದ ಮುಂದೆ ಹಿಡಿದಳು. ನೀರು ಸಣ್ಣಗೆ ಕುಣಿಯತೊಡಗಿತು. ಮೌನಿ ನೀರು ನೋಡಿದ, ಪರದೆಯ ಮೇಲೆ ಸೋಸದ ಗೆರೆ ತೆರೆದು ಅದರ ಮುಳ್ಳು ನೋಡಿದ, ಮತ್ತೆ ನೀರು ನೋಡಿದ. ಅವನ ತುಟಿ ಎಣಿಸುತ್ತಿತ್ತು. ಈ ಹೊತ್ತಿನಲ್ಲೂ ಎಣಿಸುತ್ತಾನಲ್ಲ ಇವನು ಅಂತ ಅವಳಿಗೆ ನಗು ಬಂತು.

"ನಾಲ್ಕು ವರ್ಷ ಆಯ್ತು. ಮಂಡಿ ನನ್ನದು ಕಲ್ಲುಗುಂಡಿನ ಹಾಗಿದೆ. ನೀನು ಆ ಅಂಗಡಿಯವನ ಕಾಲು ಹಿಡಿಯೋವಾಗಲಾದ್ರೂ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪಾಯ್ತು."

ಅಯ್ಯೋ ಪಾಪ ಅನ್ನುತ್ತಾನೆ ಅಂತ ಅವಳು ಮೈ ಗಟ್ಟಿ ಮಾಡಿಕೊಂಡಿದ್ದಳು. ಮೌನಿ ಅದನ್ನು ಅನ್ನಲಿಲ್ಲ. ಅವನ ಮುಖ ಕೆಂಪಗಾಗಿತ್ತು.

"ಅಂದ್ರೆ ನಾನು ಇಷ್ಟು ದಿನ ನಿಮ್ಮ ಕೈನ ಒರೆಸ್ತಾ ಕೂತಿದ್ನಾ?" ಅಂದ. ಅಷ್ಟು ಹೇಳಿ, ಜರಡಿ ತೆಗೆದು, ಏಳನೇ ಕ್ಯಾಸೆಟ್ಟು ಹಾಕಿದ.

ಏಳನೇ ಕ್ಯಾಸೆಟ್ಟಿನಲ್ಲಿ ಅಂಥದ್ದೇನೂ ಇಲ್ಲ. ಅಜ್ಜಿ ಬಟ್ಟೆಯ ಕಪಾಟು ತೋರಿಸುತ್ತಾಳೆ, ಮಡಿಸಿಟ್ಟ ಹೊದಿಕೆಗಳು, ಒಂದು ಮಗುವಿನ ಉಲ್ಲನ್ ಟೋಪಿ. ಈಗ ಆ ಟೋಪಿಯ ಮುಂದೆ ಕ್ಯಾಮೆರಾ ನಿಂತಿತು. ನಿಲ್ಲಲು ಪಾಡು ಪಡುತ್ತಿತ್ತು. ಸರಿಯಾಗಿ ತೋರಿಸಬೇಕು, ಚೆನ್ನಾಗಿ ಕಾಣಬೇಕು ಅಂತ ಯಾರೋ ಕಷ್ಟಪಟ್ಟು ಹಿಡಿದುಕೊಂಡಿದ್ದಾರೆ, ಕೈ ಕೇಳುತ್ತಿಲ್ಲ. ಟೋಪಿ ಮೊಮ್ಮಗಳದ್ದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಮೇಜಿನಿಂದ ಎದ್ದು ಬಂದ ಅಕ್ಕನ ಮಗಳು ಮೌನಿಯ ಕುರ್ಚಿ ಹಿಡಿದು ನಿಂತಳು.

"ಇದು ಅಜ್ಜಿ" ಅಂದಳು.

ಗೇಮಿನ ಅಜ್ಜಿ ಅಂತ ಮೌನಿ ತಿಳಿದ. ಚಿಕ್ಕಮ್ಮನಿಗೆ ಗೊತ್ತಾಯಿತು. ಅವಳ ತಾಯಿ, ಈ ಹುಡುಗಿಯ ಅಜ್ಜಿ, ಕಡೆಗಾಲದಲ್ಲಿ ಎರಡೂ ಕೈಯಲ್ಲಿ ಲೋಟ ಹಿಡಿದು ಮೊಮ್ಮಗಳಿಗೆ ಹಾಲು ಕೊಡುತ್ತಿದ್ದಳು, ಹಾಲು ಮಗುವಿನ ಗಲ್ಲದ ಮೇಲೆಲ್ಲ ಚೆಲ್ಲುತ್ತಿತ್ತು. ವಯಸ್ಸಾಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಆ ಅಜ್ಜಿಯನ್ನು ನೆನೆಸಿಕೊಂಡೇ ಈ ಹುಡುಗಿ ಗೇಮು ಕಟ್ಟಿದ್ದು. ಗೇಮಿನೊಳಗೆ ಅವಳ ಕನ್ನಡಕ ಇಟ್ಟಿದ್ದಳು, ಅವಳ ಕೆಮ್ಮು ಹಾಕಿದ್ದಳು, ಬಾಗಿಲು ಹಾಕಿದ ಮೇಲೆ ಇನ್ನೊಮ್ಮೆ ತಳ್ಳಿ ನೋಡುವ ಅಭ್ಯಾಸವನ್ನೂ ಬಿಟ್ಟಿರಲಿಲ್ಲ. ಲೆನ್ಸಿನ ಕೊಳೆಯಿಂದ ಹಿಡಿದು ಬ್ಯಾಟರಿಯ ತನಕ ಕ್ಯಾಮೆರಾದ ನೂರೆಂಟು ದೋಷ ಹುಡುಕಿ ತುಂಬಿದವರು, ಹಿಡಿದವಳ ಕೈಯನ್ನು ಮಾತ್ರ ಮರೆತಿದ್ದರು. ಅದು ತಾನಾಗಿ ಬಂದಾಗ ದೋಷ ಅಂತ ಸೋಸಿ ಎಸೆದಿದ್ದರು.

"ಯಾರು ಮಾಡಿದ್ದು ಇದನ್ನ?" ಅಂತ ಹುಡುಗಿ ಮೌನಿಯನ್ನು ಕೇಳಿದಳು. ಮೌನಿ ಚಿಕ್ಕಮ್ಮನ ಕಡೆ ನೋಡಿದ.

ಚಿಕ್ಕಮ್ಮ ಬಲಗೈ ಚಾಚಿ ತೋರಿಸಿದಳು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ಹೇಳ್ಬಾರ್ದಿತ್ತಾ ನೀನು? ಹನ್ನೊಂದನ್ನೂ ಮತ್ತೆ ನೋಡ್ಬೇಕು ಈಗ, ಎಂಟೇ ದಿನ ಇರೋದು" ಅಂತ ಗದರಿದಳು. ಹೀಗೆ ಗದರಿಸಿಕೊಂಡದ್ದು ಚಿಕ್ಕಮ್ಮನಿಗೆ ಎಷ್ಟು ಸಮಾಧಾನ ಕೊಟ್ಟಿತು ಅಂದರೆ, ಅವತ್ತು ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಜನರ ಮಧ್ಯೆ ಕೂತು ಟೀ ಕುಡಿದಳು.

ಎಂಟನೇ ದಿನ ಕಂಪನಿಯಿಂದ ಇಬ್ಬರು ಬಂದರು, ಒಬ್ಬ ಉದ್ದನೆಯ ಮನುಷ್ಯ, ಒಬ್ಬ ಹೆಂಗಸು. ಉದ್ದನೆಯವನು ಬರೆದುಕೊಳ್ಳುವವನು, ಹೆಂಗಸು ಆಡುವವಳು. ಆರು ಜನವೂ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಚಿಕ್ಕಮ್ಮ ತನ್ನ ಮೂಲೆಯಲ್ಲೇ ಕೂತಿದ್ದಳು.

ಹೆಂಗಸು ಮೊದಲು ಬೇಗ ಬೇಗ ಆಡಿದಳು, ಇಂಥ ನೂರು ಗೇಮು ನೋಡಿದವಳ ಹಾಗೆ. ಮೊದಲನೇ ಕ್ಯಾಸೆಟ್ಟು ಹಾಕಿದ ಮೇಲೆ ನಿಧಾನವಾದಳು. ಏಳನೆಯದು ಬಂತು, ಟೋಪಿ ಬಂತು. ಅದನ್ನು ಹಿಂದಕ್ಕೆ ಸುತ್ತಿ ಮತ್ತೆ ನೋಡಿದಳು. ಯಾರೂ ಬೇಗ ಮುಗಿಯಲಿ ಅಂತ ಕಾಯುತ್ತಿರಲಿಲ್ಲ ಈಗ. ಉದ್ದನೆಯವನ ಪೆನ್ನೂ ನಿಂತಿತ್ತು.

"ಈ ಅಲುಗಾಟ ಯಾವ ಸಾಫ್ಟ್‌ವೇರು? ನಾವು ಇಂಥದ್ದು ನೋಡಿಲ್ಲ" ಅಂದಳು ಹೆಂಗಸು.

ಅಕ್ಕನ ಮಗಳು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಎದ್ದಳು. ಮರಳು ತುಂಬಿದ ಕ್ಯಾಮೆರಾ ಎತ್ತಿಕೊಂಡಳು. ಮೌನಿ ಸಾಲಿನಿಂದಲೇ ಕೈ ಚಾಚಿ ಒಂದು ಗುಂಡಿ ಒತ್ತಿದ. ಗೋಡೆಯ ದೊಡ್ಡ ಪರದೆಯಲ್ಲಿ ಅಜ್ಜಿಯ ಕೋಣೆ ಕಾಣಿಸಿತು, ಚಿಕ್ಕಮ್ಮ ಹೇಗೆ ತಿರುಗಿದರೆ ಹಾಗೆ ತಿರುಗಿತು, ಅವಳ ಕೈ ಹೇಗೆ ನಡುಗಿದರೆ ಹಾಗೆ ನಡುಗಿತು. ಬೇರೆ ಊರಿನ ಇಬ್ಬರು ಅಪರಿಚಿತರ ಮುಂದೆ, ಮುಚ್ಚಿಡಲು ಸೆರಗಿಲ್ಲ, ಮೇಜಿಲ್ಲ. ಗೋಡೆಯಷ್ಟಗಲ ಕಾಣುತ್ತಿತ್ತು ಅವಳ ನಡುಕ. ಅವಳು ಕೈ ಇಳಿಸಲಿಲ್ಲ.

"ಸಾಫ್ಟ್‌ವೇರಲ್ಲಮ್ಮ, ನಾನು. ಇಪ್ಪತ್ತಾರು ವರ್ಷ ಅಲುಗದೆ ಹಿಡಿದಿದ್ದೀನಿ. ಈಗ ಹೀಗೆ ಹಿಡೀತೀನಿ. ಎರಡೂ ಕಸುಬೇ" ಅಂದಳು.

ಆ ಹೆಂಗಸು ಪರದೆ ನೋಡಿದಳು, ಕೈ ನೋಡಿದಳು. "ನೀವು ನಮಗೆ ಬೇಕು" ಅಂದಳು ಆಮೇಲೆ. "ಗೇಮೂ ಬೇಕು, ನೀವೂ ಬೇಕು." ಗೋಡೆಗೆ ಒರಗಿದ್ದ ಸಾಲಿನಲ್ಲಿ ಯಾರೋ ಬಿಕ್ಕಿದ ಸದ್ದಾಯಿತು. ಯಾರು ಅಂತ ನಾನು ಹೇಳುವುದಿಲ್ಲ, ಮಾತಾಡದವನಿಗೂ ಮಾನ ಇರುತ್ತದೆ.

"ಒಂದೇ ಒಂದು ಮಾತು" ಅಂದ ಉದ್ದನೆಯವನು. "ಚಿತ್ರ ಅಲುಗಿದರೆ ಕೆಲವರಿಗೆ ತಲೆ ತಿರುಗುತ್ತೆ, ವಾಂತಿ ಬರುತ್ತೆ. ಅಂಥವರಿಗೆ ಇದನ್ನ ಆಫ್ ಮಾಡೋಕೆ ಒಂದು ಆಯ್ಕೆ ಕೊಡಬೇಕಾಗುತ್ತೆ. ಎಲ್ಲ ಗೇಮಿನಲ್ಲೂ ಕೊಡ್ತೀವಿ."

ಆಫ್ ಮಾಡುವುದು ಅಂದಾಗ ಹುಡುಗಿಯ ಮುಖ ಇಳಿಯಿತು. ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದರು. ಅವಳು ಕ್ಯಾಮೆರಾ ಕೆಳಗಿಟ್ಟು ಯೋಚಿಸಿದಳು.

"ಕೊಡಬೇಕು, ಮತ್ತೆ. ಮೈ ಮಾತು ಕೇಳದಿದ್ರೆ ಹೇಗಿರುತ್ತೆ ಅಂತ ನಂಗೊತ್ತು. ಪಾಪ, ಅವರೂ ಆಡಲಿ."

ಮೌನಿ ಅಲ್ಲೇ ಕೂತು ಗೇಮಿನ ಸೆಟ್ಟಿಂಗ್ಸ್ ತೆರೆದು, ಸದ್ದು, ಬೆಳಕು, ಅಕ್ಷರದ ಅಳತೆ ಎಲ್ಲ ಇದ್ದ ಪಟ್ಟಿಯ ಕೊನೆಗೆ ಹೊಸ ಸಾಲು ಸೇರಿಸಿದ. ಏನಂತ ಬರೆಯಲಿ ಅಂತ ಹಿಂತಿರುಗಿ ನೋಡಿದ. ಕ್ಯಾಮೆರಾ ಅಲುಗಾಟ ಅಂತ ಬರೆಯುವುದು ವಾಡಿಕೆ ಅಂದ ಉದ್ದನೆಯವನು. ನಡುಕ ಅಂತ ಹಾಕೋಣವಾ ಅಂದಳು ತಂಡದ ಇನ್ನೊಬ್ಬಳು.

"ನಡುಕ ಅನ್ನೋದು ಡಾಕ್ಟರ ಚೀಟೀಲಿರಲಿ" ಅಂದಳು ಚಿಕ್ಕಮ್ಮ. "ಚಿಕ್ಕಮ್ಮನ ಕೈ ಅಂತ ಬರಿ."

ಮೌನಿ ಬರೆದ. ಚಿಕ್ಕಮ್ಮನ ಕೈ, ಪಕ್ಕದಲ್ಲಿ ಗುರುತು ಹಾಕಲು ಒಂದು ಸಣ್ಣ ಖಾಲಿ ಚೌಕ. ಗೇಮು ಶುರುವಾಗುವಾಗ ಇದು ಇರಬೇಕೋ, ಬೇಡವೋ ಅಂತ ಕೇಳಿದ.

"ಏಳು, ನಾನೇ ಹಾಕ್ತೀನಿ" ಅಂತ ಅವಳು ಅವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತಳು. ಮೌಸು ಹಿಡಿದಳು. ಪರದೆಯ ಮೇಲೆ ಬಾಣ ಹೊರಟಿತು, ಚೌಕದ ಹತ್ತಿರ ಬಂದು ಅದುರಿ ಪಕ್ಕಕ್ಕೆ ಸರಿಯಿತು. ಇನ್ನೊಮ್ಮೆ ಒಯ್ದಳು, ಅಂಚಿಗೆ ತಾಗಿ ತಪ್ಪಿತು. ಕೋಣೆಯಲ್ಲಿ ಎಂಟು ಜನ ನೋಡುತ್ತಿದ್ದರು, ಯಾರೂ ಕೈ ಚಾಚಲಿಲ್ಲ, ಯಾರೂ ಬೇರೆ ಕಡೆ ನೋಡಲಿಲ್ಲ, ಅವಳಿಗೂ ಅವಸರವೇನೂ ಇರಲಿಲ್ಲ. ಮೂರನೇ ಸಲಕ್ಕೆ ಗುರುತು ಬಿತ್ತು.